ಒಂದೇ ಮನೆಯ ಇಬ್ಬರು ನಟರು: ‘ಮಾಲ್ಗುಡಿ ಡೇಸ್’ನ ತಂದೆ–ತಾಯಿ

ಕಿರುತೆರೆಯ ಅಭಿನಯವನ್ನು ನಮ್ಮ ವಿಮರ್ಶೆ ಇನ್ನೂ ಗಂಭೀರವಾಗಿ ಪರಿಗಣಿಸಿದಂತಿಲ್ಲ. ಕಲಾವಿದರ ಸಾಧನೆಯನ್ನು ನಿರೂಪಿಸುವಾಗ ರಂಗಭೂಮಿ ಮತ್ತು ಚಲನಚಿತ್ರಗಳಿಗೆ ಮೊದಲ ಮಣೆ. ಧಾರಾವಾಹಿಗಳಿಗೆ ಪಟ್ಟಿಯ ಕೊನೆಯ ಸಾಲು. ಈ ಅಳತೆಗೋಲು ಯಾರಿಗೆ ಅನ್ಯಾಯ ಮಾಡಿದೆ ಎಂಬುದನ್ನು ಅರಿಯಲು, ಒಂದೇ ಧಾರಾವಾಹಿಯಲ್ಲಿ ದಂಪತಿಗಳಾಗಿ ಅಭಿನಯಿಸಿದ ಗಿರೀಶ ಕಾರ್ನಾಡ ಮತ್ತು ವೈಶಾಲಿ ಕಾಸರವಳ್ಳಿ ಅವರ ವೃತ್ತಿಜೀವನಗಳನ್ನು ಜೊತೆಗಿಟ್ಟು ನೋಡಬಹುದು.

ಆರ್.ಕೆ. ನಾರಾಯಣರ ಕತೆಗಳನ್ನು ಆಧರಿಸಿ ಶಂಕರ್‌ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ 1986ರಲ್ಲಿ ದೂರದರ್ಶನದಲ್ಲಿ ಹಿಂದಿಯಲ್ಲಿ ಪ್ರಸಾರವಾಯಿತು. ಅದರ ಬಹುಭಾಗ ಚಿತ್ರಿತವಾದದ್ದು ಮಲೆನಾಡಿನ ಆಗುಂಬೆಯಲ್ಲಿ. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ತಂದೆಯಾಗಿ ಕಾರ್ನಾಡ, ತಾಯಿಯಾಗಿ ವೈಶಾಲಿ ಕಾಣಿಸಿಕೊಂಡರು. ಹೊರನಾಡಿನ ಕನ್ನಡಿಗರಿಗೆ ಅದು ಅನ್ಯಭಾಷೆಯಲ್ಲಿ ಕಂಡ ತಮ್ಮದೇ ಮನೆಯಾಗಿತ್ತು.

ಹುಲಿಯೊಡನೆ ಹೋರಾಡಿದ ಹುಡುಗನ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ತಂದೆ, ಅಜ್ಜಿಯ ಮಗ್ಗುಲಲ್ಲಿ ಮಲಗುವ ಮಗನನ್ನು ಕಚೇರಿ ಕೋಣೆಯಲ್ಲಿ ಒಬ್ಬನೇ ಮಲಗುವಂತೆ ಕಟ್ಟಪ್ಪಣೆ ಮಾಡುವ ಕತೆ ಎಲ್ಲರಿಗೂ ಪರಿಚಿತ. ಇಂಥ ಪ್ರಸಂಗಗಳಲ್ಲಿ ತಂದೆಯ ಪಾತ್ರಕ್ಕೆ ಮಾತಿನ ಬಲವಿದೆ. ಕಾರ್ನಾಡರು ಅದನ್ನು ಗದರಿಕೆಯಾಗಿಸದೆ, ತನ್ನ ಅಧಿಕಾರದ ಬಗ್ಗೆ ಸಂಶಯವೇ ಇಲ್ಲದ ಸುಶಿಕ್ಷಿತನ ಶಾಂತ ದನಿಯಾಗಿಸುತ್ತಾರೆ. ತಾಯಿಗೆ ಆ ಸೌಕರ್ಯವಿಲ್ಲ. ಪತಿಯನ್ನು ಎದುರಿಸದೆಯೂ ಮಗನ ಪಕ್ಷ ವಹಿಸುವ ಅವಳ ಸ್ಥಿತಿಯನ್ನು ವೈಶಾಲಿ ನೋಟದಿಂದ, ತಡೆದು ಆಡಿದ ಮಾತಿನಿಂದ ಮೂಡಿಸಬೇಕಾಗಿತ್ತು. ಆ ಸಂಯಮವಿಲ್ಲದಿದ್ದರೆ ತಂದೆಯ ಶಿಸ್ತು ಬರಿಯ ಕ್ರೌರ್ಯವಾಗಿ ತೋರುತ್ತಿತ್ತು. ಒಬ್ಬರ ಅಭಿನಯ ಇನ್ನೊಬ್ಬರದಕ್ಕೆ ಊರೆಗೋಲಾಗಿದೆ.

ಆದರೆ ಇಬ್ಬರ ದಾರಿಗಳು ಭಿನ್ನವಾದವು. ಕಾರ್ನಾಡರಿಗೆ ಕಿರುತೆರೆ ಹಲವು ಕ್ಷೇತ್ರಗಳಲ್ಲಿ ಒಂದು. ‘ತುಘಲಕ್’ನ ನಾಟಕಕಾರ, ‘ಸಂಸ್ಕಾರ’ದ (1970) ಪ್ರಾಣೇಶಾಚಾರ್ಯ, 1998ರ ಜ್ಞಾನಪೀಠ ಪುರಸ್ಕೃತ ಎಂಬ ಹೆಸರುಗಳೇ ಅವರನ್ನು ಮುಂದೆ ನಿಲ್ಲಿಸಿದವು. ‘ಟರ್ನಿಂಗ್ ಪಾಯಿಂಟ್’ ವಿಜ್ಞಾನ ಕಾರ್ಯಕ್ರಮದ ನಿರೂಪಕರಾಗಿಯೂ ದೇಶ ಅವರನ್ನು ಕಂಡಿತು. 2019ರಲ್ಲಿ ಅವರು ನಿಧನರಾದಾಗ ಮಾಲ್ಗುಡಿಯ ತಂದೆಯನ್ನು ನೆನೆದವರು ಕನ್ನಡಿಗರಷ್ಟೇ ಅಲ್ಲ.

ಹವ್ಯಾಸಿ ರಂಗಭೂಮಿಯ ಹಿನ್ನೆಲೆಯ ವೈಶಾಲಿ, ‘ಆಕ್ರಮಣ’ದಂತಹ (1980) ಚಿತ್ರಗಳಲ್ಲಿ ನಟಿಸಿದರು, ‘ತಾಯಿ ಸಾಹೇಬ’ ಚಿತ್ರದ ವಸ್ತ್ರವಿನ್ಯಾಸಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು. ಆದರೆ ಅವರು ತಮ್ಮ ಮಾಧ್ಯಮವಾಗಿ ಆರಿಸಿಕೊಂಡದ್ದು ಕಿರುತೆರೆಯನ್ನು. ‘ಮೂಡಲ ಮನೆ’, ‘ಮುತ್ತಿನ ತೋರಣ’ಗಳ ನಿರ್ದೇಶಕಿಯಾಗಿ ಅವರು ಧಾರಾವಾಹಿಗೆ ಗೃಹಜೀವನದ ನಿಧಾನವನ್ನೂ ಆಡುಮಾತಿನ ಸಹಜತೆಯನ್ನೂ ತಂದರು. ‘ಮೂಡಲ ಮನೆ’ಯಲ್ಲಿ ಉತ್ತರ ಕರ್ನಾಟಕದ ಕನ್ನಡ ಹಾಸ್ಯದ ಸರಕಾಗದೆ ಮನೆಮಂದಿಯ ಸುಖದುಃಖದ ಭಾಷೆಯಾಯಿತು. ಮಾಲ್ಗುಡಿಯಲ್ಲಿ ಮೌನದಿಂದ ಮನೆಯನ್ನು ಹಿಡಿದಿಟ್ಟ ನಟಿ, ಇಲ್ಲಿ ಇಡೀ ಮನೆಗೆ ಮಾತು ಕೊಟ್ಟರು. 2010ರಲ್ಲಿ ಅವರು ತೀರಿಕೊಂಡರು.

ದಿನವಹಿ ಧಾರಾವಾಹಿಯ ಅವಸರದಲ್ಲಿ ಎಲ್ಲ ಕಂತುಗಳೂ ಸಮಾನ ಗುಣದವಾಗಿರಲಾರವು ಎಂಬ ಆಕ್ಷೇಪಣೆ ನ್ಯಾಯವಾದುದೇ. ಆದರೆ ಅದು ವಿವೇಚನೆಗೆ ಕಾರಣವಾಗಬೇಕೇ ಹೊರತು ಉಪೇಕ್ಷೆಗಲ್ಲ. ಕಾರ್ನಾಡರ ಕೀರ್ತಿಯನ್ನು ಇಲ್ಲಿ ಕುಗ್ಗಿಸಬೇಕಾಗಿಲ್ಲ. ಅವರ ನಾಟಕಗಳು ಗ್ರಂಥರೂಪದಲ್ಲಿವೆ, ಅನುವಾದಗಳಲ್ಲಿ ಸಂಚರಿಸುತ್ತವೆ. ವೈಶಾಲಿಯವರ ಸೃಷ್ಟಿ ಸಂಜೆಯ ಪ್ರಸಾರದೊಡನೆ ಮುಗಿಯುವಂಥದು, ಅದೂ ಕನ್ನಡದ ಮನೆಗಳೊಳಗೆ. ಹಿಂದಿಯಲ್ಲಿ ಕಂಡದ್ದನ್ನೇ ರಾಷ್ಟ್ರೀಯವೆಂದೂ ಕನ್ನಡದಲ್ಲಿ ಕಂಡದ್ದನ್ನು ಪ್ರಾದೇಶಿಕವೆಂದೂ ಎಣಿಸುವ ಅಭ್ಯಾಸ ಹೊರನಾಡಿನಲ್ಲಿರುವ ನಮಗೂ ಅಂಟಿಕೊಂಡಿದೆ. ಮಾಲ್ಗುಡಿಯ ತಂದೆಯನ್ನು ನೆನೆಯುವಾಗ ತಾಯಿಯ ಮುಂದಿನ ಕೃತಿಗಳನ್ನೂ ಅಭ್ಯಸಿಸಿದರೆ, ಕನ್ನಡ ಅಭಿನಯದ ಚರಿತ್ರೆ ಆ ಮಟ್ಟಿಗೆ ಪೂರ್ಣವಾದೀತು.