ಕಿಲೊ ಅಲ್ಲ, ಕಿಬಿ

500 ಗಿಗಾಬೈಟ್ ಸಾಮರ್ಥ್ಯದ ಹಾರ್ಡ್ ಡಿಸ್ಕನ್ನು ವಿಂಡೋಸ್ ಗಣಕಕ್ಕೆ ಜೋಡಿಸಿ ನೋಡಿ. ಪರದೆ ತೋರಿಸುವುದು ಸುಮಾರು 465. ಅಂಗಡಿಯವನು ಮೋಸ ಮಾಡಿಲ್ಲ. ತಯಾರಕರ ಲೆಕ್ಕದಲ್ಲಿ ಗಿಗಾ ಎಂದರೆ 10ರ 9ನೇ ಘಾತ; ವಿಂಡೋಸ್ ಲೆಕ್ಕದಲ್ಲಿ 2ರ 30ನೇ ಘಾತ. ಹೆಸರು ಒಂದು, ಸಂಖ್ಯೆ ಎರಡು.

ಭೌತವಿಜ್ಞಾನದಲ್ಲಿ ಈ ಸಡಿಲತೆಗೆ ಎಡೆಯಿಲ್ಲ. ಕಿಲೊ ಗ್ರೀಕ್ ಮೂಲದ್ದು, ಅರ್ಥ ಸಾವಿರ. ಕಿಲೊಮೀಟರಿಗೆ 1000 ಮೀಟರಾದರೆ ಕಿಲೊಬೈಟಿಗೆ ಮಾತ್ರ 1024 ಏಕೆ? ಹತ್ತಿರದ ಸಂಖ್ಯೆಯೆಂದು ಎರವಲು ಪಡೆದರು, ಅಷ್ಟೆ. ಕಿಲೊದಲ್ಲಿ ಶೇ. 2.4ರಷ್ಟಿದ್ದ ವ್ಯತ್ಯಾಸ ಟೆರಾ ತಲುಪುವಾಗ ಸುಮಾರು ಶೇ. 10. ಹಳೆಯ ‘1.44 ಮೆಗಾಬೈಟ್’ ಫ್ಲಾಪಿಯ ಮೆಗಾ ಇನ್ನೂ ವಿಚಿತ್ರ: 1000 × 1024!

1998ರಲ್ಲಿ ಅಂತಾರಾಷ್ಟ್ರೀಯ ವಿದ್ಯುತ್‌ತಾಂತ್ರಿಕ ಆಯೋಗ ಪರಿಹಾರ ಕೊಟ್ಟಿತು. ಕಿಲೊದಿಂದ ‘ಕಿ’, ದ್ವಿಮಾನ ಎಂಬರ್ಥದ ‘ಬೈನರಿ’ಯ ಮೊದಲೆರಡು ರೋಮನ್ ಅಕ್ಷರಗಳಿಂದ ‘ಬಿ’. ಕೂಡಿದರೆ ಕಿಬಿ, ಬೆಲೆ 1024. ಹಾಗೆಯೇ ಮೆಬಿ, ಗಿಬಿ, ಟೆಬಿ. ‘ಬೈ’ ಎಂದಲ್ಲ, ‘ಬಿ’ ಎಂದೇ ಉಚ್ಚರಿಸಬೇಕು.

ಕೇಳಲು ಮಗುವಿನ ತೊದಲಿನಂತಿದೆ ಎಂದು ಹಾಸ್ಯ ಮಾಡುವವರಿದ್ದಾರೆ. ‘ಕಿಬಿಬೈಟ್’ನಲ್ಲಿ ಬಕಾರ ಎರಡು ಸಲ ಬಂದು ನಾಲಿಗೆ ತಡವರಿಸುವುದು ನಿಜ. ಆದರೆ ಗಮನಿಸಿ: ಇಂಗ್ಲಿಷಿನಲ್ಲಿ ಒತ್ತು ಬೀಳುವುದು ಮೊದಲ ಅಕ್ಷರಕ್ಕೆ, ಎರಡನೆಯದು ತಗ್ಗುತ್ತದೆ. ಕಿಲೊ–ಕಿಬಿ ಭೇದವೆಲ್ಲ ಅಡಗಿರುವುದು ಆ ತಗ್ಗಿದ ಅಕ್ಷರದಲ್ಲೇ. ಕನ್ನಡದಲ್ಲಿ ಪದದ ಅರ್ಥ ಇಂಥ ಒತ್ತನ್ನು ನೆಚ್ಚಿಲ್ಲ. ‘ಲೊ’, ‘ಬಿ’ ಎರಡನ್ನೂ ನಾವು ಸ್ಪಷ್ಟವಾಗಿಯೇ ನುಡಿಯುತ್ತೇವೆ. ಪದ ನಮ್ಮ ನಾಲಿಗೆಗೆ ಒಗ್ಗದೆಂಬ ನೆಪ ನಿಲ್ಲದು.

ನನ್ನ ಆಕ್ಷೇಪ ಬೇರೆಡೆ ಇದೆ. ಇಂಗ್ಲಿಷಿನ ಮೊದಲಕ್ಷರಗಳನ್ನು ಹಿಡಿದು ಕಿಲೊಬೈಟನ್ನು ನಾವು ‘ಕೆಬಿ’, ಟೆರಾಬೈಟನ್ನು ‘ಟಿಬಿ’ ಎನ್ನುತ್ತೇವೆ. ಈಗ ಪಕ್ಕದಲ್ಲಿ ಕಿಬಿ, ಟೆಬಿ ಇಟ್ಟು ನೋಡಿ. ಕೆ–ಕಿ, ಟಿ–ಟೆ: ನಡುವೆ ಇರುವುದು ಒಂದು ಸ್ವರಚಿಹ್ನೆ. ಅಚ್ಚಿನಲ್ಲಿ ಅದು ಮಸುಕಾದರೆ ಸಾವಿರ 1024 ಆಗುತ್ತದೆ. ಗಿಬಿ ಮತ್ತು ಜಿಬಿಗಳನ್ನು ಕಿವಿಯಲ್ಲಿ ಬೇರ್ಪಡಿಸುವುದೂ ಸುಲಭವಲ್ಲ. ರೋಮನ್ ಲಿಪಿಗೆಂದು ಕತ್ತರಿಸಿ ಜೋಡಿಸಿದ ಪದಕ್ಕೆ ಈ ತೊಡಕಿನ ಅರಿವಿರಲಿಲ್ಲ.

ಆದ್ದರಿಂದ ಕನ್ನಡ ಪಠ್ಯಗಳಲ್ಲಿ ಹ್ರಸ್ವರೂಪ ಬಿಡಿ. ಕಿಲೊಬೈಟ್, ಕಿಬಿಬೈಟ್ ಎಂದು ಪೂರ್ತಿ ಬರೆಯಿರಿ. 10 ವಿಳಾಸ ತಂತಿಗಳಿಂದ ಗುರುತಿಸಬಹುದಾದ ಸ್ಥಾನಗಳು 1024, ಸಾವಿರವಲ್ಲ. ಗಣಕದ ಸ್ಮೃತಿ ಹುಟ್ಟಿನಿಂದಲೇ ದ್ವಿಮಾನದ್ದು; ಕಿಬಿ ಮೊದಲು ಬಳಕೆಗೆ ಬರಬೇಕಾದದ್ದು ಅಲ್ಲಿ.