ತೋರಣವೂ ಕಮಾನೂ

ಕೊಪ್ಪಳ ಸೀಮೆಯ ಗುಡಿಗಳನ್ನು ಕುರಿತು ಮಾತನಾಡುವವರಲ್ಲಿ ಎರಡು ಪಂಗಡಗಳುಂಟು. ನಮ್ಮ ಶಿಲ್ಪಿಗಳು ಕಮಾನು ಕಟ್ಟಲರಿಯದೆ ಹಿಂದುಳಿದರೆಂದು ಮರುಗುವವರು ಕೆಲವರು. ಮಕರತೋರಣವಿದೆಯಲ್ಲ, ಅದೇ ನಮ್ಮ ಕಮಾನು ಎಂದು ಬೀಗುವವರು ಉಳಿದವರು. ಕಲ್ಲು ಏನು ಕೆಲಸ ಮಾಡುತ್ತಿದೆಯೆಂಬುದನ್ನು ಎರಡೂ ಪಂಗಡದವರು ನೋಡಿದಂತಿಲ್ಲ.

ಕುಕನೂರು ಭಾಗದ ನಮ್ಮ ಮಂಗಳೂರಿನಿಂದ (ಇದು ಕರಾವಳಿಯದಲ್ಲ, ಬಯಲುಸೀಮೆಯದು) ಇಟಗಿ ಬಹು ದೂರವೇನಲ್ಲ. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಅಲ್ಲಿ ಕಟ್ಟಿಸಿದ ಗುಡಿಯನ್ನು ಶಾಸನ ‘ದೇವಾಲಯ ಚಕ್ರವರ್ತಿ’ ಎಂದು ಕೊಂಡಾಡಿದೆ. ಅಲ್ಲಿಯ ಮಕರತೋರಣ ಬಾಗಿದೆ, ನಿಜ. ಆದರೆ ಅದು ಹೊರೆ ಹೊತ್ತಿಲ್ಲ. ಹೊತ್ತಿರುವುದು ಕಂಬ ಮತ್ತು ತೊಲೆ. ಭಾಷೆಯಲ್ಲಿಯೂ ಈ ಭೇದ ಉಳಿದಿದೆ. ಕಮಾನು ಎಂಬುದು ಬಿಲ್ಲು ಎಂಬ ಅರ್ಥದ ಪಾರಸಿ ಮಾತು. ಬಾಗಿಲಿಗೆ ಮಾವಿನೆಲೆ ಕಟ್ಟುವವರು ಅದನ್ನು ತೋರಣವೆನ್ನುತ್ತಾರೆಯೇ ಹೊರತು ಯಾರೂ ಕಮಾನೆನ್ನುವುದಿಲ್ಲ.

ಮಂಟಪದ ಗುಮ್ಮಟದಂಥ ಛತ್ತೂ ಕಮಾನಲ್ಲ. ಮಟ್ಟಸವಾಗಿ ಇಟ್ಟ ಕಲ್ಲಿನ ಸುತ್ತುಗಳು ಒಂದರ ಮೇಲೊಂದು ತುಸುತುಸುವೇ ಒಳಕ್ಕೆ ಚಾಚಿ ನಡುವೆ ಕೂಡಿಕೊಂಡಿವೆ. ನಿಜವಾದ ಕಮಾನಿನಲ್ಲಿ ಬೆಣೆಯಾಕಾರದ ಕಲ್ಲುಗಳು ಒಂದನ್ನೊಂದು ಒತ್ತಿ ನಿಲ್ಲುತ್ತವೆ. ಆ ಒತ್ತಡ ಇಕ್ಕೆಲದ ಗೋಡೆಗಳನ್ನು ಹೊರಕ್ಕೆ ನೂಕುತ್ತದೆ. ಕಲ್ಲು ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನು ತಾಳದು. ತೊಲೆಯ ಅಡಿಮೈ ಎಳೆತಕ್ಕೆ ಸಿಕ್ಕುವುದರಿಂದ ಉದ್ದವಾದ ಕಲ್ಲುತೊಲೆ ಬಿರಿಯುತ್ತದೆ. ಆದಕಾರಣ ಕಂಬಗಳು ಹತ್ತಿರ ಹತ್ತಿರ ನಿಲ್ಲಬೇಕು.

ಆ ದಟ್ಟಣೆಯೇ ಇಟಗಿಯ ಮಂಟಪದ ಚೆಲುವು. ಬೆಳಕು ಕಂಬದಿಂದ ಕಂಬಕ್ಕೆ ಮುರಿಯುತ್ತ ಹೋಗಿ ಗರ್ಭಗುಡಿಯ ಕತ್ತಲೆಗೆ ನಮ್ಮನ್ನು ಒಯ್ಯುತ್ತದೆ. ದೊಡ್ಡದೊಂದು ಕಮಾನು ಕಟ್ಟಿ ಕಂಬಗಳನ್ನು ತೆಗೆದರೆ ಜಾಗ ಸಿಕ್ಕೀತು, ಗುಡಿ ಉಳಿಯದು.

ಇಂಥದೇ ಕಂಬಗಳನ್ನು ಹೊಳೆಯಲ್ಲಿ ನೋಡಬೇಕು. ಹಂಪೆಯ ವಿಠ್ಠಲ ದೇವಾಲಯದ ಸಮೀಪ, ತುಂಗಭದ್ರೆಯ ನಡುವೆ, ವಿಜಯನಗರ ಕಾಲದ ಸೇತುವೆಯ ಕಲ್ಲುಕಂಬಗಳು ಇಂದಿಗೂ ನಿಂತಿವೆ. ಮೇಲಿನ ಹಾಸು ಮಾತ್ರ ಇಲ್ಲ. ಮಂಟಪದಲ್ಲಿ ಗುಣವಾದ ದಟ್ಟಣೆ ಇಲ್ಲಿ ದೋಷ. ಒಂದೊಂದು ಕಂಬವೂ ನೆರೆನೀರಿಗೆ ತಡೆ; ತೇಲಿಬಂದ ಮರ ಸಿಕ್ಕಿಕೊಳ್ಳಲು ಅನುಕೂಲ. ಅಗಲವಾದ ಕಮಾನುಗಳಾಗಿದ್ದರೆ ನೀರಿಗೆ ದಾರಿ ಇರುತ್ತಿತ್ತು. ಮರುಗುವವರ ಮಾತನ್ನು ಇಷ್ಟರಮಟ್ಟಿಗೆ ಒಪ್ಪಬೇಕು.

ಆದರೆ ಅರಿಯದವರೆಂದು ಹೇಗೆ ಹೇಳೋಣ? ಅದೇ ರಾಜಧಾನಿಯ ಕಮಲಮಹಲಿನಲ್ಲಿ, ಆನೆಲಾಯದಲ್ಲಿ ನಿಜವಾದ ಕಮಾನುಗಳಿವೆ. ಅರಮನೆಯ ಆವರಣಕ್ಕೆ ಒಗ್ಗಿದ ಕಮಾನು ಈ ಸೇತುವೆಗೆ ಇಳಿಯಲಿಲ್ಲ. ಕಮಲಮಹಲಿನ ಬಗ್ಗೆ ಇಷ್ಟೊಂದು ಹೊಗಳಿಕೆ ಏಕೋ ನನಗೆ ತಿಳಿಯದು. ಕೆಳಗೆ ಸುಲ್ತಾನರ ರೀತಿಯ ಕಮಾನು, ಮೇಲೆ ಗುಡಿಯ ಶಿಖರದಂಥ ಮಾಡು. ನಡುವೆ ಗಾರೆಯ ಅಲಂಕಾರ ಹೆಚ್ಚಾಗಿ ಕಮಾನಿನ ಬಲ ಕಾಣುವುದೇ ಇಲ್ಲ. ಆ ಬಲ ಕಾಣಬೇಕೆನ್ನುವವರು ವಿಜಯಪುರದ ಗೋಲಗುಮ್ಮಟದ ಒಳಗೆ ನಿಂತು ಮೇಲೆ ನೋಡಲಿ. ಅಲ್ಲಿ ಒಂದನ್ನೊಂದು ಹಾಯ್ದುಹೋಗುವ ಕಮಾನುಗಳ ಮೇಲೆಯೇ ಅಷ್ಟು ದೊಡ್ಡ ಗುಮ್ಮಟ ಕುಳಿತಿದೆ.