ಕಸ, ಫಾರ್ವರ್ಡ್, ಜೊಳ್ಳು: ಅಂತರ್ಜಾಲದ ಬೇಡದ ಬರಹಕ್ಕೆ ಕನ್ನಡದ ಹೆಸರುಗಳು

ಅಂತರ್ಜಾಲದ ಬೇಡದ ಹಾಗೂ ಕಳಪೆ ಬರಹವನ್ನು ಹೆಸರಿಸಲು ಇಂಗ್ಲಿಷಿನಲ್ಲಿ ಎರಡು ಪದಗಳು ನೆಲೆಗೊಂಡಿವೆ. ‘ಸ್ಪ್ಯಾಮ್’ 1937ರಲ್ಲಿ ಮಾರುಕಟ್ಟೆಗೆ ಬಂದ ಡಬ್ಬಿ ಮಾಂಸದ ಹೆಸರು. 1970ರ ಬ್ರಿಟಿಷ್ ಪ್ರಹಸನವೊಂದರ ಮೂಲಕ ಅದು ಕೇಳದೆ ಬರುವ ಸಂದೇಶದ ಹೆಸರಾಯಿತು. ‘ಸ್ಲಾಪ್’ ಎಂದರೆ ಹಂದಿಗೆ ಹಾಕುವ ಅಡುಗೆಮನೆಯ ಉಳಿಕೆ. ಯಂತ್ರಗಳು ರಾಶಿರಾಶಿಯಾಗಿ ಹೆಣೆಯುವ ಕಳಪೆ ಬರಹ, ಚಿತ್ರಗಳಿಗೆ ಈ ಪದ ಅಂಟಿಕೊಂಡಿತು. 2025ರಲ್ಲಿ ಮೆರಿಯಂ-ವೆಬ್‌ಸ್ಟರ್ ನಿಘಂಟು ಅದನ್ನು ವರ್ಷದ ಪದವಾಗಿ ಆರಿಸಿತು. ಕನ್ನಡದಲ್ಲಿ ಇವೆರಡನ್ನೂ ‘ಕಸ’ ಎಂಬ ಒಂದೇ ಪದದಡಿ ತರುವ ರೂಢಿಯನ್ನು ನಾವಿಲ್ಲಿ ಪ್ರಶ್ನಿಸುತ್ತೇವೆ.

‘ಬೇಡ’ ಎಂಬುದು ಪಡೆಯುವವರ ನಿಲುವು. ‘ಕಳಪೆ’ ಎಂಬುದು ಬರಹದ ಗುಣ. ಚೆಂದವಾಗಿ ಬರೆದ ಜಾಹೀರಾತೂ ಸ್ಪ್ಯಾಮ್ ಆಗಬಹುದು. ಬಯಸಿ ನೋಡಿದ ವಿಡಿಯೊ ಕೂಡ ಸ್ಲಾಪ್ ಆಗಬಹುದು. ‘ಕಸ’ ಈ ಭೇದವನ್ನು ಅಳಿಸುತ್ತದೆ.

ಆಡುಗರು ಮಾತ್ರ ಭೇದವನ್ನು ಬಿಟ್ಟುಕೊಟ್ಟಿಲ್ಲ. ‘ಮೇಲ್ ಸ್ಪ್ಯಾಮಿಗೆ ಹೋಗಿದೆ’, ‘ಸ್ಪ್ಯಾಮಿನಲ್ಲಿ ನೋಡಿ’ ಎಂಬ ವಾಕ್ಯಗಳಲ್ಲಿ ವಿಭಕ್ತಿ ಪ್ರತ್ಯಯಗಳೇ ತೋರಿಸುವಂತೆ, ಎರವಲು ಪದವು ವಸ್ತುವಾಚಕತೆಯಿಂದ ಸ್ಥಳವಾಚಕತೆಗೆ ಸರಿದಿದೆ. ‘ಫಾರ್ವರ್ಡ್’ನ ಕಥೆ ಇನ್ನೂ ಸೂಕ್ಷ್ಮ. ಕ್ರಿಯೆಯ ಹೆಸರಾಗಿದ್ದ ಅದು ‘ಫಾರ್ವರ್ಡ್‌ಗಳು’ ಎಂದು ಬಹುವಚನ ಪಡೆದು, ‘ಅದು ಬರೀ ಫಾರ್ವರ್ಡ್’ ಎಂಬಲ್ಲಿ ಹೀನಾರ್ಥಕ್ಕೆ ಇಳಿದಿದೆ. 2018ರಲ್ಲಿ ವಾಟ್ಸ್‌ಆ್ಯಪ್ ಅಂಥ ಸಂದೇಶಗಳಿಗೆ ಗುರುತುಪಟ್ಟಿ ಅಂಟಿಸಿ, ಭಾರತದಲ್ಲಿ ಒಮ್ಮೆಗೆ ಐದು ಕಡೆಗಷ್ಟೇ ದಾಟಿಸಬಹುದೆಂಬ ಮಿತಿ ತಂದಿತು. ಆದರೆ ಹೀನಾರ್ಥದ ಕಾರಣವನ್ನು ತಂತ್ರಜ್ಞಾನದಲ್ಲಷ್ಟೇ ಹುಡುಕುವುದು ಸಾಲದು. ಕಳುಹಿಸಿದವರು ಸೋದರಮಾವನೋ ದೊಡ್ಡಪ್ಪನೋ ಆಗಿರುವಾಗ ‘ಕಸ’ ಎನ್ನಲು ಬಾಯಿ ಬಾರದು. ತಟಸ್ಥ ಪದವೊಂದು ಆ ತಿರಸ್ಕಾರವನ್ನು ಮರ್ಯಾದೆಯ ಮರೆಯಲ್ಲಿ ಹೊರುತ್ತದೆ.

ಇನ್ನು ‘ಸ್ಲಾಪ್’. ಮೂಲಾರ್ಥವನ್ನು ಅನುಸರಿಸಿದರೆ ‘ಮುಸುರೆ’ ಸರಿಸಾಟಿಯೆನಿಸುತ್ತದೆ. ಆದರೆ ಧಾರವಾಡದ ಇತರೆಡೆಗಳಂತೆ ನಮ್ಮ ಕೆಲಗೇರಿಯ ಮಾತಿನಲ್ಲೂ ‘ಮುಸುರಿ’ ಎಮ್ಮೆಗೆ ಇಡುವ, ಹಾಲಾಗಿ ಮರಳುವ ವಸ್ತು. ಜೊತೆಗೆ ಮಡಿ-ಮೈಲಿಗೆಯ ನೆನಪನ್ನೂ ಹೊತ್ತಿರುವ ಪದ. ಇಂಗ್ಲಿಷ್ ರೂಪಕದ ತಿರಸ್ಕಾರ ಅದರಲ್ಲಿ ಹಾಗೆಯೇ ಇಳಿಯುವುದಿಲ್ಲ. ಹೊಸ ಪದಗಳನ್ನು ಕನ್ನಡದ ಸೊಗಡಿನಿಂದಲೇ ಕಟ್ಟಬೇಕೆಂದು ಡಿ. ಎನ್. ಶಂಕರ ಬಟ್ ವಾದಿಸಿದ್ದರು. ಅದನ್ನು ಒಪ್ಪುತ್ತಲೇ ನಾವು ಸೇರಿಸುವುದಿಷ್ಟು: ಪದ ಕನ್ನಡದ್ದೇ ಆದರೂ ಅದರ ಅರ್ಥಜಾಲವನ್ನು ಪರೀಕ್ಷಿಸಬೇಕು.

ನಮ್ಮ ಸೂಚನೆ ‘ಜೊಳ್ಳು’. ಹೊರಗೆ ಕಾಳಿನ ರೂಪ, ಒಳಗೆ ಬರಿದು, ತೂರಿದಾಗಲೇ ಬಯಲಾಗುವುದು. ‘ಜೊಳ್ಳು ಮಾತು’ ಎಂಬ ಲಾಕ್ಷಣಿಕ ಪ್ರಯೋಗ ಈಗಾಗಲೇ ಇರುವುದರಿಂದ ಅರ್ಥವಿಸ್ತರಣೆಗೆ ಹಾದಿಯೂ ಸಿದ್ಧವಿದೆ. ಜೊಳ್ಳನ್ನು ಯಾರೂ ಬೇಕೆಂದು ತಯಾರಿಸುವುದಿಲ್ಲ, ಸ್ಲಾಪ್‌ಗೆ ತಯಾರಕರಿದ್ದಾರೆ ಎಂಬ ಆಕ್ಷೇಪ ನ್ಯಾಯವಾದುದೇ. ಆ ಕರ್ತೃತ್ವವನ್ನು ‘ಯಂತ್ರಜೊಳ್ಳು’ ಎಂಬ ಸಮಾಸ ಭಾಗಶಃ ತುಂಬೀತು.

ಈ ಚರ್ಚೆ ಬರಿಯ ಪಾರಿಭಾಷಿಕ ಕಸರತ್ತಲ್ಲ. ಯಂತ್ರದ ಬರಹ ಶಿಷ್ಟ ಕನ್ನಡದಲ್ಲಿ, ತಪ್ಪಿಲ್ಲದ ಕಾಗುಣಿತದಲ್ಲಿ ಬರಬಲ್ಲದು. ‘ಮನಿ’, ‘ಮುಸುರಿ’ ಎಂದು ಬರೆಯುವವರ ಹುರುಳುಳ್ಳ ಮಾತು ಮೇಲ್ನೋಟಕ್ಕೆ ಒರಟಾಗಿ ಕಾಣಬಹುದು. ರೂಪವನ್ನೇ ಗುಣವೆಂದು ಎಣಿಸುವ ಹೆಸರು ನಮ್ಮ ಕೈಯಲ್ಲಿದ್ದರೆ ಮೊದಲು ಕಸವಾಗುವುದು ಆಡುಭಾಷೆಯೇ. ‘ಜೊಳ್ಳು’ ಸಿಪ್ಪೆಯನ್ನು ಬಿಟ್ಟು ಕಾಳನ್ನು ಕೇಳುತ್ತದೆ.